ಗುರುತ್ವ ಎಲ್ಲಿಗೆ ಸೋರಿ ಹೋಗ್ತದೆ?

ನಮ್ಮ ಫ್ಯಾಮಿಲಿ ಗ್ರೂಪಿಗೆ ಆಗಾಗ ಬರುವ ಒಂದು ಫಾರ್ವರ್ಡ್ ಉಂಟು, ನಿಮ್ಮ ಗ್ರೂಪಿಗೂ ಬಂದಿರ್ತದೆ. ಮೇಲೆ ಏಳು ಲೋಕ, ಕೆಳಗೆ ಏಳು ಲೋಕ, ಬಣ್ಣಬಣ್ಣದ ಚಿತ್ರ, ಮೂಲೆಯಲ್ಲಿ ಯಾರೋ ಗಡ್ಡದ ವಿಜ್ಞಾನಿಯ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ "ನಮ್ಮ ಋಷಿಗಳು ಸಾವಿರಾರು ವರ್ಷ ಹಿಂದೆ ಹೇಳಿದ್ದನ್ನು ಬ್ರೇನ್ ಥಿಯರಿ ಈಗ ಒಪ್ಪಿಕೊಂಡಿದೆ, ಹತ್ತು ಜನರಿಗೆ ಕಳಿಸಿ". ಈ ಬ್ರೇನ್ ಅಂದ್ರೆ ಮೆದುಳಲ್ಲ, ನಮ್ಮ ಇಡೀ ವಿಶ್ವ ಇನ್ನೂ ದೊಡ್ಡ ಜಾಗದೊಳಗಿನ ಒಂದು ಪದರ ಅನ್ನುವ ಫಿಸಿಕ್ಸಿನ ಕಲ್ಪನೆ. ನೋಡಿ ನಕ್ಕು ಡಿಲೀಟ್ ಮಾಡಿದ್ರೆ ಮುಗೀತು. ಆದ್ರೆ ನನ್ನ ಕಷ್ಟ ಎಂತ ಅಂದ್ರೆ ನಾನು ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಕಲಿಸುವವ, ನೆಂಟರ ಲೆಕ್ಕದಲ್ಲಿ ಗ್ರಹಣದಿಂದ ಹಿಡಿದು ಗುಡುಗಿನವರೆಗೆ ಆಕಾಶದ ಎಲ್ಲ ವಿಷಯಕ್ಕೆ ನಾನೇ ಜವಾಬ್ದಾರ, ಹಾಗಾಗಿ ಫಾರ್ವರ್ಡ್ ಬಂದ ಮೇಲೆ ಯಾರಾದ್ರೂ ಒಬ್ಬರು ಸಿಕ್ಕಿದಲ್ಲಿ ಹಿಡಿದು ಕೇಳಿಯೇ ಕೇಳ್ತಾರೆ.

ಕಳೆದ ಬೇಸಿಗೆಯಲ್ಲಿ ಉಡುಪಿ ಹತ್ತಿರ ಒಂದು ಉಪನಯನದ ಊಟಕ್ಕೆ ಹೋಗಿದ್ದೆ. ಎರಡನೇ ಪಂಕ್ತಿ, ಸಾರು ಆಗಿ ಹುಳಿ ಬಡಿಸ್ತಾ ಇದ್ರು, ಪಕ್ಕದ ಎಲೆಯಲ್ಲಿ ಅಮ್ಮನ ಕಡೆಯ ಮಾವ. "ಅಲ್ಲ ಮಾರಾಯ, ಪಾತಾಳ ಅಂದ್ರೆ ಇನ್ನೊಂದು ಬ್ರೇನ್ ಅಂತೆ, ಹೌದಾ?" ಅಂತ ಶುರು ಮಾಡಿದ್ರು. ಹಾಗಲ್ಲ ಮಾವ ಅಂದೆ. "ಹಾಗಲ್ಲಾಂದ್ರೆ ಮತ್ತೆ ಹೇಗೆ, ಹೇಳು ನೋಡುವ." ಬಾಳೆಲೆ ಮುಂದೆ ಕೂತು ಐದು ಆಯಾಮದ ಜ್ಯಾಮಿತಿ ಬಿಡಿಸ್ಲಿಕ್ಕೆ ಆಗ್ತದಾ? ಹಾಗಾಗಿ ನಾನು ಸೀದಾ ಬಲೀಂದ್ರನನ್ನು ಹಿಡಿದುಕೊಂಡೆ. "ನೋಡಿ ಮಾವ, ಪಾತಾಳ ಇನ್ನೊಂದು ಬ್ರೇನ್ ಅಂತ ಇಟ್ಟುಕೊಳ್ಳುವ. ದೀಪಾವಳಿಗೆ ನಾವು ಗದ್ದೆಯಲ್ಲಿ ನಿಂತು ಎಷ್ಟು ಕೂ ಹಾಕಿದ್ರೂ ಬಲೀಂದ್ರನಿಗೆ ಕೇಳುದಿಲ್ಲ. ಅವ ಅಲ್ಲಿ ದೀಪ ಹಚ್ಚಿದ್ರೆ ನಮಗೆ ಕಾಣುದಿಲ್ಲ. ವರ್ಷಕ್ಕೊಮ್ಮೆ ಬಂದು ಹೋಗುವ ಪ್ರಶ್ನೆಯೇ ಇಲ್ಲ, ಯಾಕಂದ್ರೆ ಅವನ ಮೈಯ ಒಂದು ಪರಮಾಣು ಕೂಡ ಅವನ ಬ್ರೇನ್ ಬಿಟ್ಟು ಹೊರಗೆ ಬರ್ಲಿಕ್ಕಿಲ್ಲ. ಗೊತ್ತಾಗುದಿದ್ರೆ ಅವನ ತೂಕ, ಅಂದ್ರೆ ಗುರುತ್ವದ ಎಳೆತ, ಅದು ಮಾತ್ರ ನಮಗೆ ಗೊತ್ತಾದೀತು." ಮಾವ ಹುಳಿ ಕಲಸುದು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚನೆ ಮಾಡಿದ್ರು. "ಬಲೀಂದ್ರ ಬಾರದ್ದಾದ್ರೆ ಅದು ಪಾತಾಳ ಅಲ್ಲ ಬಿಡು" ಅಂತ ಹೇಳಿ ಅನ್ನಕ್ಕೆ ಕೈ ಹಾಕಿದ್ರು.

ಮಾವನ ತೀರ್ಮಾನದ ಬಗ್ಗೆ ನನ್ನ ತಕರಾರಿಲ್ಲ. ನನಗೆ ಬೇಜಾರಾಗುದು ಬೇರೆಯೇ ವಿಷಯಕ್ಕೆ. ಈ ಬ್ರೇನ್ ಮಾಡೆಲ್‌ಗಳ ಬಗ್ಗೆ ಎಲ್ಲಿ ಬರೆದ್ರೂ "ಪಕ್ಕದಲ್ಲೇ ಇನ್ನೊಂದು ಲೋಕ" ಅನ್ನುವ ಕಡೆಗೇ ಜಾರಿ ಬಿಡ್ತಾರೆ, ಫಾರ್ವರ್ಡಿನವರೂ ಅಷ್ಟೇ, ಇಂಗ್ಲಿಷ್ ಡಾಕ್ಯುಮೆಂಟರಿಯವರೂ ಅಷ್ಟೇ. ಇದರಲ್ಲಿ ನಿಜವಾಗಿ ಮಂಡೆ ತಿರುಗಿಸುವ ಸಂಗತಿ ಇನ್ನೊಂದು ಲೋಕ ಅಲ್ಲ, ಆ ತೂಕ. ಒಂದು ಟೇಬಲ್ ಮೇಲೆ ಕೂದಲಿನ ದಪ್ಪದಷ್ಟು ಅಂತರದಲ್ಲಿ ಗುರುತ್ವವನ್ನು ಅಳೆದವರು ಬಿಗ್ ಬ್ಯಾಂಗ್ ಆದ ಮೊದಲ ಕ್ಷಣದ ಬಗ್ಗೆ ಷರತ್ತು ಹಾಕ್ತಾರೆ ಅನ್ನುವುದು. ಅದನ್ನು ಯಾರೂ ಫಾರ್ವರ್ಡ್ ಮಾಡುದಿಲ್ಲ, ಹಾಗಾಗಿ ನಾನೇ ಬರೀತೇನೆ.

ಸೆಕೆಂಡ್ ಪಿಯುಸಿ, ಮೊದಲನೇ ಪಾಠ

ಸೆಕೆಂಡ್ ಪಿಯು ಸೈನ್ಸ್ ಮಾಡಿದವರಿಗೆಲ್ಲ ಈ ಲೆಕ್ಕ ನೆನಪಿರ್ತದೆ. ಎಲೆಕ್ಟ್ರಾನ್ ಮತ್ತು ಪ್ರೋಟಾನ್ ನಡುವಿನ ವಿದ್ಯುತ್ ಬಲಕ್ಕೂ ಗುರುತ್ವ ಬಲಕ್ಕೂ ಇರುವ ಅನುಪಾತ ಕಂಡುಹಿಡಿಯಿರಿ. ಉತ್ತರ 10ರ ಘಾತ 39ರ ಹತ್ತಿರ ಬರ್ತದೆ. ಮಕ್ಕಳು ಅದನ್ನು ಬರೆದು ಎರಡು ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗ್ತಾರೆ, ಪ್ರಶ್ನೆಪತ್ರಿಕೆಯಲ್ಲಿ ಅದಕ್ಕಿಂತ ಜಾಸ್ತಿ ಕೇಳುದೂ ಇಲ್ಲ. ಒಮ್ಮೆ ಒಬ್ಬಳು ಹುಡುಗಿ ಮಾತ್ರ ಕೈ ಎತ್ತಿ "ಸಾರ್, ಯಾಕೆ ಅಷ್ಟು ವೀಕ್?" ಅಂತ ಕೇಳಿದ್ಳು. ನಾನು ಫ್ರಿಡ್ಜಿಗೆ ಅಂಟಿಸುವ ಸಣ್ಣ ಮ್ಯಾಗ್ನೆಟ್ ತೆಗೆದು ಒಂದು ಗುಂಡುಪಿನ್ ಎತ್ತಿ ತೋರಿಸಿದೆ, ಇಡೀ ಭೂಮಿ ಕೆಳಗಿಂದ ಎಳೀತಾ ಉಂಟು, ಮೇಲಿಂದ ಈ ಐದು ರೂಪಾಯಿಯ ಮ್ಯಾಗ್ನೆಟ್ ಗೆಲ್ತಾ ಉಂಟು, ನೋಡಿ ಅಂತ. ಕ್ಲಾಸಿಗೆ ಖುಷಿ ಆಯ್ತು. ಅವಳು ಮಾತ್ರ "ಅದು ವೀಕ್ ಅಂತ ತೋರಿಸಿದ್ದು ಸಾರ್, ಯಾಕೆ ಅಂತ ಹೇಳ್ಲಿಲ್ಲ" ಅಂದ್ಳು. ಇಂಥ ಮಕ್ಕಳು ಕ್ಲಾಸಿಗೊಬ್ಬರು ಇದ್ರೆ ಸಾಕು, ಇಬ್ಬರಿದ್ರೆ ಪೋರ್ಶನ್ ಮುಗಿಯುದಿಲ್ಲ.

ಯಾಕೆ ಅನ್ನುವುದಕ್ಕೆ 1998ರಲ್ಲಿ ನಿಮಾ ಅರ್ಕಾನಿ-ಹಮೇದ್, ಸಾವಾಸ್ ಡಿಮೋಪೌಲೋಸ್, ಗಿಯಾ ದ್ವಾಲಿ ಅನ್ನುವ ಮೂವರು ಒಂದು ಉತ್ತರ ಕೊಟ್ರು. ಗುರುತ್ವ ನಿಜವಾಗಿ ವೀಕ್ ಅಲ್ಲ, ಅದರ ಹೆಚ್ಚಿನ ಪಾಲು ನಮಗೆ ಕಾಣದ ಆಯಾಮಗಳಿಗೆ, ಅಂದ್ರೆ ಉದ್ದ ಅಗಲ ಎತ್ತರ ಅಲ್ಲದ ಬೇರೆ ದಿಕ್ಕುಗಳಿಗೆ, ಸೋರಿ ಹೋಗ್ತದೆ, ನಮಗೆ ಸಿಗುದು ಉಳಿದದ್ದು ಮಾತ್ರ. ಹೆಚ್ಚಿನ ಆಯಾಮ ಅನ್ನುವ ಕಲ್ಪನೆ ಅವರದ್ದಲ್ಲ, ಕಲುಜಾ ಅನ್ನುವವರು 1919ರಲ್ಲೇ ಐನ್‌ಸ್ಟೈನಿಗೆ ಬರೆದು ಕಳಿಸಿದ್ರು, ಐನ್‌ಸ್ಟೈನ್ ಎರಡು ವರ್ಷ ಇಟ್ಟುಕೊಂಡು 1921ರಲ್ಲಿ ಪ್ರಕಟ ಆಗ್ಲಿಕ್ಕೆ ಬಿಟ್ರು, 1926ರಲ್ಲಿ ಕ್ಲೈನ್ ಬಂದು ಕಾಲವನ್ನೂ ಸೇರಿಸಿ ಐದನೆಯದಾದ ಆ ಆಯಾಮ ಯಾರಿಗೂ ಕಾಣದಷ್ಟು ಸಣ್ಣದಾಗಿ ಸುತ್ತಿಕೊಂಡಿದೆ ಅಂದ್ರು. ಹೊಸದು ಎಂತ ಅಂದ್ರೆ ಅಂಟಿಕೊಳ್ಳುವ ವಿಷಯ. ಬೆಳಕು, ಎಲೆಕ್ಟ್ರಾನ್, ಕ್ವಾರ್ಕ್, ಒಟ್ರಾಶಿ ನಾವು ನೀವು ಎಲ್ಲ ಒಂದು ಮೂರು ಆಯಾಮದ ಪದರಕ್ಕೆ ಅಂಟಿಕೊಂಡಿದ್ದೇವೆ, ಅದೇ ಬ್ರೇನ್. ಅದರ ಹೊರಗಿನ ದೊಡ್ಡ ಜಾಗಕ್ಕೆ ಬಲ್ಕ್ ಅಂತಾರೆ. ಬಲ್ಕಿಗೆ ಹೋಗ್ಲಿಕ್ಕೆ ಪರ್ಮಿಶನ್ ಇರುದು ಗುರುತ್ವಕ್ಕೆ ಮಾತ್ರ, ಯಾಕಂದ್ರೆ ಗುರುತ್ವ ಅಂದ್ರೆ ದೇಶಕಾಲದ ಬಾಗುವಿಕೆಯೇ, ಜಾಗ ಇದ್ದಲ್ಲೆಲ್ಲ ಅದು ಇರ್ಲೇಬೇಕು.

ಸಣ್ಣದಿರುವಾಗ ಬೈಲಿನ ಆಚೆ ಎಲ್ಲೋ ಯಕ್ಷಗಾನದ ಆಟ ಇದ್ರೆ ರಾತ್ರಿ ಮಲಗಿದಲ್ಲಿಗೆ ಚೆಂಡೆ ಕೇಳ್ತಾ ಇತ್ತು. ವೇಷಧಾರಿಗಳು ರಂಗಸ್ಥಳ ಬಿಟ್ಟು ಹೊರಗೆ ಬರುದಿಲ್ಲ, ಎಷ್ಟು ಧಿಗಿಣ ಹಾರಿದ್ರೂ ಅದರೊಳಗೇ. ಚೆಂಡೆಯ ಸದ್ದು ಮಾತ್ರ ಗದ್ದೆ ದಾಟಿ, ತೋಟ ದಾಟಿ, ಮೇಲಕ್ಕೂ ಹೋಗಿ, ನಾಲ್ಕೂ ಕಡೆ ಹಂಚಿ ಹೋಗ್ತದೆ. ಈಗ ರಂಗಸ್ಥಳದಲ್ಲೇ ಹುಟ್ಟಿ ಅಲ್ಲೇ ಬೆಳೆದ ಒಬ್ಬ ವೇಷಧಾರಿ, ರಂಗಸ್ಥಳವೇ ಇಡೀ ಜಗತ್ತು ಅಂತ ನಂಬಿದವ, ಕೂತು ಲೆಕ್ಕ ಹಾಕ್ತಾನೆ ಅಂತ ಇಟ್ಟುಕೊಳ್ಳಿ. ಭಾಗವತರ ಹತ್ತಿರದಿಂದ ಎದುರಿನ ಕಂಬದವರೆಗೆ ಹೋಗುವಾಗ ಚೆಂಡೆಯ ಸದ್ದು ಅವನ ಲೆಕ್ಕಕ್ಕಿಂತ ಬೇಗ ಕಮ್ಮಿ ಆಗ್ತದೆ. ಅವನಿಗೆ ರಂಗಸ್ಥಳದ ಹೊರಗೆ ನೋಡ್ಲಿಕ್ಕೆ ಆಗದಿದ್ರೂ ಸದ್ದು ಎಷ್ಟು ಬೇಗ ಕಮ್ಮಿ ಆಗ್ತದೆ ಅಂತ ಅಳೆದೇ ಹೊರಗೊಂದು ಬೈಲು ಉಂಟು ಅಂತ ಹೇಳಬಹುದು. ಬ್ರೇನ್ ಮಾಡೆಲ್‌ನ ಎಲ್ಲ ಪ್ರಯೋಗಗಳ ಹಿಂದೆ ಇರುವ ಬುದ್ಧಿ ಇಷ್ಟೇ. ನ್ಯೂಟನ್ ಪ್ರಕಾರ ದೂರ ಎರಡು ಪಟ್ಟಾದ್ರೆ ಗುರುತ್ವ ನಾಲ್ಕನೇ ಒಂದಕ್ಕೆ ಇಳೀಬೇಕು. ಇನ್ನೂ ಎರಡು ಆಯಾಮ ಇದ್ದು ಅದಕ್ಕೂ ಹಂಚಿ ಹೋಗುದಾದ್ರೆ ಹದಿನಾರನೇ ಒಂದಕ್ಕೆ ಇಳೀತದೆ.

ಯಾರೂ ಅಳೆಯದ ಮಿಲಿಮೀಟರ್

ಲೆಕ್ಕ ಹಾಕಿದ್ರೆ ಗಮ್ಮತ್ತು ಕಾಣ್ತದೆ. ಹೆಚ್ಚಿನ ಆಯಾಮ ಒಂದೇ ಆದ್ರೆ ಗುರುತ್ವ ಇಷ್ಟು ವೀಕ್ ಆಗ್ಬೇಕಾದ್ರೆ ಆ ಆಯಾಮ ಸೌರವ್ಯೂಹದ ಅಳತೆಗೆ ದೊಡ್ಡದಿರ್ಬೇಕು, ಆಗ ಗ್ರಹಗಳೆಲ್ಲ ಈಗಿನ ಕಕ್ಷೆಯಲ್ಲಿ ತಿರುಗ್ಲಿಕ್ಕೇ ಸಾಧ್ಯ ಇಲ್ಲ, ಹಾಗಾಗಿ ಅದು ಅಲ್ಲಿಗೇ ಕ್ಯಾನ್ಸಲ್. ಮೂರಾದ್ರೆ ನ್ಯಾನೋಮೀಟರ್ ಲೆಕ್ಕ. ಎರಡಾದ್ರೆ? ಸುಮಾರು ಒಂದು ಮಿಲಿಮೀಟರ್! ನಿಮ್ಮ ಸ್ಕೇಲಿನಲ್ಲಿ ಕಾಣುವ ಸಣ್ಣ ಗೆರೆಗಳ ನಡುವಿನ ಜಾಗದಷ್ಟು. ಅಷ್ಟು ದೊಡ್ಡ ಆಯಾಮ ಇದ್ರೆ ಯಾರಿಗೂ ಗೊತ್ತಾಗ್ಲಿಲ್ವಾ ಇಷ್ಟು ವರ್ಷ ಅಂತ ಕೇಳ್ಬಹುದು. ಗೊತ್ತಾಗ್ಲಿಕ್ಕೆ ಯಾರೂ ಅಳೆದಿರ್ಲಿಲ್ಲ, ವಿಷಯ ಅಷ್ಟೇ. ನ್ಯೂಟನ್ ನಿಯಮ ಗ್ರಹಗಳಿಗೆ ಸರಿ, ಚಂದ್ರನಿಗೆ ಸರಿ, ಲ್ಯಾಬಿನಲ್ಲಿ ಸೀಸದ ಗುಂಡುಗಳಿಗೂ ಸರಿ, ಆದ್ರೆ ಒಂದು ಮಿಲಿಮೀಟರಿಗಿಂತ ಹತ್ತಿರದಲ್ಲಿ ಗುರುತ್ವ ಹೇಗೆ ವರ್ತಿಸ್ತದೆ ಅಂತ 1998ರಲ್ಲಿ ಯಾರ ಹತ್ತಿರವೂ ಸರಿಯಾದ ಅಳತೆ ಇರ್ಲಿಲ್ಲ. ಪ್ರೋಟಾನಿಗಿಂತ ಎಷ್ಟೋ ಸಣ್ಣ ದೂರದವರೆಗೆ ವಿದ್ಯುತ್ ಬಲವನ್ನು ಪರೀಕ್ಷೆ ಮಾಡಿದ ಕಾಲದಲ್ಲಿ, ಎಲ್ಲಕ್ಕಿಂತ ಮೊದಲು ಸಿಕ್ಕಿದ ಬಲದ ಬಗ್ಗೆ ಉಗುರಿನ ದಪ್ಪದವರೆಗೂ ಗೊತ್ತಿರ್ಲಿಲ್ಲ.

ಇದನ್ನು ಅಳೀಲಿಕ್ಕೆ ಹೊರಟವರು ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿಯ ಏಟ್-ವಾಶ್ ಗ್ರೂಪಿನವರು. ಅವರ ಉಪಕರಣದ ಬಗ್ಗೆ ನಾನು ಓದಿದಷ್ಟು ಸಲ ಬೇರೆ ಯಾವ ಉಪಕರಣದ ಬಗ್ಗೆಯೂ ಓದಿಲ್ಲ. ಒಂದು ಸಣ್ಣ ಲೋಹದ ತಟ್ಟೆ, ಅದರಲ್ಲಿ ಸುತ್ತ ಸಮಾನ ಅಂತರದಲ್ಲಿ ತೂತುಗಳು, ಅದನ್ನು ತೀರಾ ತೆಳು ಟಂಗ್‌ಸ್ಟನ್ ಎಳೆಯಲ್ಲಿ ತೂಗು ಹಾಕಿದ್ದಾರೆ. ಕೆಳಗೆ ತೂತುಗಳೇ ಇರುವ ಇನ್ನೊಂದು ತಟ್ಟೆ, ಅದು ನಿಧಾನ ತಿರುಗ್ತಾ ಇರ್ತದೆ. ಕೆಳಗಿನ ತೂತು ಮೇಲಿನ ತೂತಿನ ಅಡಿಗೆ ಬಂದು ದಾಟಿ ಹೋಗುವಾಗ ಎಳೆತ ಒಂದು ಕೂದಲಷ್ಟು ಆಚೀಚೆ ಆಗ್ತದೆ, ಮೇಲಿನ ತಟ್ಟೆ ಎಳೆಯನ್ನು ತಿರುಚಿಕೊಂಡು ಸ್ವಲ್ಪ ತಿರುಗ್ತದೆ, ಅದಕ್ಕೆ ಅಂಟಿಸಿದ ಕನ್ನಡಿಯ ಮೇಲೆ ಬಿಟ್ಟ ಬೆಳಕು ಆ ತಿರುಗಾಟವನ್ನು ಹೇಳ್ತದೆ. ಎರಡು ತಟ್ಟೆಗಳ ನಡುವೆ ಬಿಗಿಯಾಗಿ ಎಳೆದ ಒಂದು ತೆಳು ಲೋಹದ ಹಾಳೆ, ಯಾಕಂದ್ರೆ ಒಂದು ಚೂರು ವಿದ್ಯುತ್ ಚಾರ್ಜ್ ಆಚೆಯಿಂದ ಈಚೆ ಎಳೆದ್ರೂ 10ರ ಘಾತ 39ರ ನೆನಪಾಗ್ತದೆ, ಗುರುತ್ವದ ಸದ್ದೇ ಕೇಳ್ಲಿಕ್ಕಿಲ್ಲ. ಗಮನಿಸಿ, ಇಲ್ಲಿ ಅಳೆಯುದು ಲೋಹದ ಎಳೆತಕ್ಕಿಂತ ಹೆಚ್ಚಾಗಿ ತೂತಿನ ಎಳೆತವನ್ನು, ಅಂದ್ರೆ ಇಲ್ಲದ ಲೋಹದ ಲೆಕ್ಕವನ್ನು.

2001ರಲ್ಲಿ ಅವರು ಒಂದು ಮಿಲಿಮೀಟರಿನ ಐದನೇ ಒಂದು ಭಾಗದ ಹತ್ತಿರಕ್ಕೆ ಹೋದ್ರು, ನ್ಯೂಟನ್ ಸರಿ ಇದ್ದ. 2007ರಲ್ಲಿ 56 ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರೋಮೀಟರ್), ಆಗಲೂ ಸರಿ. 2020ರಲ್ಲಿ ತಟ್ಟೆಗಳನ್ನು 52 ಮೈಕ್ರೋಮೀಟರಿನಷ್ಟು ಹತ್ತಿರ ತಂದು ಅಳೆದು, ಗುರುತ್ವದಷ್ಟೇ ಬಲದ ಬೇರೆ ಯಾವುದೇ ಎಳೆತ ಇದ್ದರೂ ಅದರ ವ್ಯಾಪ್ತಿ 38.6 ಮೈಕ್ರೋಮೀಟರಿಗಿಂತ ಕಮ್ಮಿಯೇ ಇರ್ಬೇಕು ಅಂತ ಹೇಳಿದ್ರು. ನಮ್ಮ ತಲೆಕೂದಲಿಗಿಂತ ಸಪೂರ. ಅಷ್ಟರಲ್ಲಿ ಆ ಮಿಲಿಮೀಟರ್ ಆಯಾಮದ ಕಥೆ ಮುಗಿದಿತ್ತು.

ಇದರ ನಡುವೆ 2008ರ ಸೆಪ್ಟೆಂಬರ್ ನೆನಪುಂಟಾ? ಜಿನೀವಾದ ಎಲ್‌ಎಚ್‌ಸಿ, ಅಂದ್ರೆ ಪ್ರೋಟಾನ್‌ಗಳನ್ನು ಢಿಕ್ಕಿ ಹೊಡೆಸುವ ದೊಡ್ಡ ಯಂತ್ರ, ಶುರು ಆಗುವಾಗ ಟಿವಿಯವರೆಲ್ಲ ಪ್ರಳಯ ಪ್ರಳಯ ಅಂತ ಬೊಬ್ಬೆ ಹಾಕಿದ್ದು. ನಮ್ಮ ಬೀದಿಯ ಒಂದು ಮನೆಯಲ್ಲಿ ಆ ದಿನ ಮಕ್ಕಳನ್ನು ಶಾಲೆಗೇ ಕಳಿಸ್ಲಿಲ್ಲ. ಯಂತ್ರದಲ್ಲಿ ಬ್ಲ್ಯಾಕ್ ಹೋಲ್ ಹುಟ್ಟಿ ಭೂಮಿಯನ್ನು ನುಂಗ್ತದೆ ಅನ್ನುವ ಆ ಹೆದರಿಕೆ ಬಂದದ್ದು ಇದೇ ಮಾಡೆಲ್‌ಗಳಿಂದ, ಗುರುತ್ವ ನಿಜವಾಗಿ ಬಲವಾದ್ದಾದ್ರೆ ಪ್ರೋಟಾನ್‌ಗಳ ಢಿಕ್ಕಿಯಲ್ಲೇ ಕಣದಷ್ಟು ಬ್ಲ್ಯಾಕ್ ಹೋಲ್ ಹುಟ್ಟಿ ಆ ಕ್ಷಣವೇ ಆವಿಯಾಗಿ ಹೋಗಬಹುದು ಅಂತ ಲೆಕ್ಕ ಇತ್ತು. ಆವಿಯಾಗುವ ಭಾಗವನ್ನು ಟಿವಿಯವರು ಬಿಟ್ಟರು. ಎಲ್‌ಎಚ್‌ಸಿಯಲ್ಲಿ ಈವರೆಗೆ ಬ್ಲ್ಯಾಕ್ ಹೋಲೂ ಕಾಣ್ಲಿಲ್ಲ, ಬಲ್ಕಿಗೆ ಹಾರಿ ಹೋದ ಗುರುತ್ವದ ಕಣವಾದ ಗ್ರಾವಿಟಾನ್‌ನ ಗುರುತೂ ಇಲ್ಲ.

ಕೊಣಾಜೆಯ ಹಾಸ್ಟೆಲ್, ಇ ಘಾತ 37

ನಾನು ಎಂಎಸ್ಸಿ ಮಾಡಿದ್ದು ಕೊಣಾಜೆಯಲ್ಲಿ. ಮಂಗಳಗಂಗೋತ್ರಿ ಗುಡ್ಡದ ಮಳೆ ಗೊತ್ತಿದ್ದವರಿಗೆ ಹೇಳ್ಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿದ್ರೆ ನಂಬ್ಲಿಕ್ಕಿಲ್ಲ. ಹಾಗೆ ಹೊಡೀತಾ ಇದ್ದ ಒಂದು ಸಂಜೆ ಕರೆಂಟ್ ಹೋಗಿ, ಓದುವ ನೆಪವೂ ಇಲ್ಲದೆ, ರಿಸರ್ಚ್ ಮಾಡ್ತಿದ್ದ ಒಬ್ಬರು ಸೀನಿಯರ್ ರೂಮಲ್ಲಿ ಕೂತಿದ್ದೆವು. ಅವರು ಮೇಣದ ಬತ್ತಿ ಹಚ್ಚಿ, ಪಿನ್ ಹೊಡೆದ ನಾಲ್ಕು ಹಾಳೆಯ ಪ್ರಿಂಟ್ ನನ್ನ ಮುಂದೆ ಹಾಕಿದ್ರು. ಲೀಸಾ ರಾಂಡಲ್ ಮತ್ತು ರಾಮನ್ ಸುಂದ್ರಮ್ 1999ರಲ್ಲಿ ಬರೆದದ್ದು. "ಇದರಲ್ಲಿ ಇರುದು ಒಂದೇ ಒಂದು ಐಡಿಯಾ, ನಿನ್ನ ಕ್ಯಾಲ್ಕುಲೇಟರ್ ತೆಗಿ" ಅಂದ್ರು. ಇ (2.718ರ ಹತ್ತಿರದ ಗಣಿತದ ಸಂಖ್ಯೆ) ಒತ್ತು, ಘಾತಕ್ಕೆ 37 ಹಾಕು. ನನ್ನ ಹಳೆ ಕ್ಯಾಸಿಯೋದ ಪರದೆಯನ್ನು ಬತ್ತಿಯ ಕಡೆ ಓರೆ ಮಾಡಿ ಓದಿದೆ, 1.171914237, ಮೇಲೆ ಸಣ್ಣದಾಗಿ 16. "ಅಷ್ಟೇ" ಅಂದ್ರು ಅವರು.

ಅಷ್ಟೇ ಅಂದ್ರೆ ಏನು ಅಂತ ಅರ್ಥ ಆಗ್ಲಿಕ್ಕೆ ನನಗೆ ಆ ರಾತ್ರಿ ಊಟದ ಬೆಲ್ ಆಗುವವರೆಗೆ ಹಿಡೀತು. ಕಣಗಳ ಭೌತಶಾಸ್ತ್ರದ ಶಕ್ತಿಯ ಅಳತೆಗೂ ಗುರುತ್ವದ ಶಕ್ತಿಯ ಅಳತೆಗೂ ನಡುವೆ ಸುಮಾರು 10ರ ಘಾತ 16ರಷ್ಟು ವ್ಯತ್ಯಾಸ ಉಂಟು, ಅದು ಯಾಕೆ ಅಂತ ಎಷ್ಟೋ ವರ್ಷದಿಂದ ತಲೆ ಕೆಡಿಸಿಕೊಂಡಿದ್ರು. ರಾಂಡಲ್-ಸುಂದ್ರಮ್ ಹೇಳಿದ್ದು ಹೀಗೆ: ಹೆಚ್ಚಿನ ಆಯಾಮ ದೊಡ್ಡದಿರ್ಬೇಕು ಅಂತಿಲ್ಲ, ಅದು ತನ್ನಷ್ಟಕ್ಕೆ ಬಾಗಿದ್ರೆ ಸಾಕು. ಎರಡು ಬ್ರೇನ್, ನಡುವೆ ಬಾಗಿದ ಬಲ್ಕ್. ಗುರುತ್ವ ಒಂದು ಬ್ರೇನ್ ಹತ್ತಿರ ದಟ್ಟವಾಗಿರ್ತದೆ, ದೂರ ಹೋದ ಹಾಗೆ ಘಾತದ ಲೆಕ್ಕದಲ್ಲಿ ತೆಳು ಆಗ್ತದೆ, ನಾವಿರುದು ತೆಳುವಾದ ತುದಿಯಲ್ಲಿ. ಆ ಬಾಗುವಿಕೆಯ ಅಳತೆಯಲ್ಲಿ ಎರಡು ಬ್ರೇನ್ ನಡುವಿನ ದೂರ ಬರೀ 37 ಇದ್ರೆ 10ರ ಘಾತ 16 ತನ್ನಿಂದ ತಾನೇ ಬರ್ತದೆ. ದೊಡ್ಡ ನಂಬರ್ ಎಲ್ಲೂ ಹಾಕ್ಬೇಕಾಗಿಲ್ಲ. ನಾನು "ಆ 37 ಯಾಕೆ ಅಣ್ಣ, 30 ಯಾಕಲ್ಲ?" ಅಂದೆ, ಅವರು ನಕ್ಕು "ಅದಕ್ಕೆ ಬೇರೆ ಪೇಪರ್ ಉಂಟು" ಅಂದ್ರು. ಇತ್ತು ಕೂಡ, ಗೋಲ್ಡ್‌ಬರ್ಗರ್ ಮತ್ತು ವೈಸ್ ಅದೇ ವರ್ಷ ಬಲ್ಕಿನಲ್ಲಿ ಇನ್ನೊಂದು ಕ್ಷೇತ್ರ ಹಾಕಿ ಆ ದೂರ ಗಟ್ಟಿಯಾಗಿ ನಿಲ್ಲುವ ದಾರಿ ತೋರಿಸಿದ್ರು. ನನಗೆ ಈಗಲೂ ಅದು ಪೂರ್ತಿ ಸಮಾಧಾನ ಅಲ್ಲ, ಒಂದು ಯಾಕೆ ತೆಗೆದು ಇನ್ನೊಂದು ಸಣ್ಣ ಯಾಕೆ ಇಟ್ಟದ್ದು ಅಂತ ಅನ್ನಿಸ್ತದೆ. ಆದ್ರೆ 16 ಸೊನ್ನೆಯ ಯಾಕೆಗಿಂತ 37ರ ಯಾಕೆ ವಾಸಿ.

ಅದೇ ವರ್ಷ ಅವರಿಬ್ಬರ ಎರಡನೇ ಪೇಪರ್ ಇನ್ನೂ ತಮಾಷೆ. ಒಂದೇ ಬ್ರೇನ್, ಹೆಚ್ಚಿನ ಆಯಾಮ ಅನಂತ ದೂರದವರೆಗೆ, ಎಲ್ಲೂ ಸುತ್ತಿಕೊಂಡಿಲ್ಲ. ಆದ್ರೂ ಬಾಗುವಿಕೆಯಿಂದಾಗಿ ಗುರುತ್ವ ಬ್ರೇನ್ ಹತ್ತಿರವೇ ಹಿಡಿದಿಟ್ಟ ಹಾಗಿರ್ತದೆ, ದೂರದಿಂದ ನೋಡಿದ್ರೆ ನ್ಯೂಟನ್ ಸರಿಯಾಗಿಯೇ ಕಾಣ್ತಾನೆ, ತೀರಾ ಹತ್ತಿರ ಹೋದ್ರೆ ಮಾತ್ರ ವ್ಯತ್ಯಾಸ. ನಾನು ಟೇಬಲ್ ಮತ್ತು ಬಿಗ್ ಬ್ಯಾಂಗ್ ಅಂತ ಹೇಳಿದ್ದು ಈ ಮಾಡೆಲಿಗೆ.

ಹೀಲಿಯಂ ಲೆಕ್ಕ

ವಿಶ್ವ ಎಷ್ಟು ವೇಗದಲ್ಲಿ ಹಿಗ್ಗುತ್ತದೆ ಅನ್ನುವುದು ಅದರಲ್ಲಿ ಎಷ್ಟು ಸಾಮಾನು ತುಂಬಿದೆ ಅನ್ನುವುದರ ಮೇಲೆ ಉಂಟು. ಮಾಮೂಲಿ ಲೆಕ್ಕದಲ್ಲಿ ಸಾಂದ್ರತೆ ನಾಲ್ಕು ಪಟ್ಟಾದ್ರೆ ಹಿಗ್ಗುವ ದರ ಎರಡು ಪಟ್ಟು. 1999ರಲ್ಲಿ ಬಿನೆಟ್ರುಯಿ, ದೆಫಾಯೆ, ಲಾಂಗ್ಲ್ವಾ ಅನ್ನುವ ಮೂವರು ಬ್ರೇನ್ ಮೇಲಿನ ವಿಶ್ವಕ್ಕೆ ಲೆಕ್ಕ ಹಾಕಿ ನೋಡಿದ್ರೆ ಬೇರೆಯೇ ಬಂತು, ಸಾಂದ್ರತೆ ನಾಲ್ಕು ಪಟ್ಟಾದ್ರೆ ದರವೂ ನಾಲ್ಕು ಪಟ್ಟು. ಇದು ಸಣ್ಣ ತಿದ್ದುಪಡಿ ಅಲ್ಲ. ಬಿಗ್ ಬ್ಯಾಂಗ್ ಆಗಿ ಸುಮಾರು ಒಂದು ಸೆಕೆಂಡಿನ ಹೊತ್ತಿಗೆ ನ್ಯೂಟ್ರಾನ್ ಮತ್ತು ಪ್ರೋಟಾನ್ ಒಂದು ಇನ್ನೊಂದಾಗುವ ಆಟ ನಿಲ್ತದೆ, ಆಮೇಲೆ ಕೆಲವು ನಿಮಿಷದಲ್ಲಿ ಉಳಿದ ನ್ಯೂಟ್ರಾನ್ ಹೆಚ್ಚುಕಮ್ಮಿ ಎಲ್ಲ ಹೀಲಿಯಂ ಒಳಗೆ ಸೇರಿಕೊಳ್ತದೆ. ವಿಶ್ವ ಆಗ ಹೆಚ್ಚು ವೇಗವಾಗಿ ಹಿಗ್ಗಿದ್ರೆ ಆಟ ಬೇಗ ನಿಲ್ತದೆ, ನ್ಯೂಟ್ರಾನ್ ಜಾಸ್ತಿ ಉಳೀತದೆ, ಹೀಲಿಯಂ ಜಾಸ್ತಿ ಆಗ್ತದೆ. ನಮಗೆ ಕಾಣುವ ವಿಶ್ವದಲ್ಲಿ ಹುಟ್ಟಿನಿಂದ ಬಂದ ಹೀಲಿಯಂ ತೂಕದಲ್ಲಿ ಸುಮಾರು ಕಾಲು ಭಾಗ, ಮಾಮೂಲಿ ಲೆಕ್ಕಕ್ಕೆ ಸರಿಯಾಗಿ ಕೂರ್ತದೆ. ಅಂದ್ರೆ ಬ್ರೇನ್ ವಿಶ್ವ ಅಲ್ಲಿಗೆ ಸತ್ತ ಹಾಗೆ.

ಸಾಯ್ಲಿಲ್ಲ. ರಾಂಡಲ್-ಸುಂದ್ರಮ್ ಮಾಡೆಲಿನಲ್ಲಿ ಬ್ರೇನಿಗೆ ತನ್ನದೇ ಒಂದು ಬಿಗಿತ ಉಂಟು, ಅದನ್ನು ಸೇರಿಸಿದ್ರೆ ಸಮೀಕರಣದಲ್ಲಿ ಎರಡು ಭಾಗ ಬರ್ತದೆ. ಸಾಂದ್ರತೆ ಆ ಬಿಗಿತಕ್ಕಿಂತ ಕಮ್ಮಿ ಇರುವಾಗ ಎಲ್ಲ ಮಾಮೂಲಿ, ಜಾಸ್ತಿ ಇರುವಾಗ ಮಾತ್ರ ಬ್ರೇನಿನ ಹುಚ್ಚು ವೇಗ. ಹೀಲಿಯಂ ಸರಿ ಬರ್ಬೇಕಾದ್ರೆ ಒಂದು ಸೆಕೆಂಡಿನ ಹೊತ್ತಿಗೆ ಹುಚ್ಚು ಇಳಿದಿರ್ಬೇಕು, ಅಂದ್ರೆ ಬಿಗಿತ ಇಂತಿಷ್ಟಕ್ಕಿಂತ ಜಾಸ್ತಿ ಇರ್ಬೇಕು, ಶಕ್ತಿಯ ಅಳತೆಯಲ್ಲಿ ಹೇಳಿದ್ರೆ ಸುಮಾರು ಒಂದು ಮೆಗಾ ಎಲೆಕ್ಟ್ರಾನ್‌ವೋಲ್ಟ್. ಈಗ ಮಜಾ ನೋಡಿ. ಅದೇ ಬಿಗಿತ ಬಲ್ಕ್ ಎಷ್ಟು ಬಾಗಿದೆ ಅನ್ನುವುದಕ್ಕೆ ಕಟ್ಟಿಕೊಂಡಿದೆ, ಬಲ್ಕ್ ಎಷ್ಟು ಬಾಗಿದೆ ಅನ್ನುವುದು ನ್ಯೂಟನ್ ನಿಯಮ ಯಾವ ದೂರದಲ್ಲಿ ತಪ್ಪುತ್ತದೆ ಅನ್ನುವುದನ್ನು ನಿರ್ಧಾರ ಮಾಡ್ತದೆ. ಸಿಯಾಟಲ್‌ನ ತೂತಿನ ತಟ್ಟೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದವರೆಗೂ ನ್ಯೂಟನ್ ಸರಿ ಅಂತ ಹೇಳಿದ ಕೂಡ್ಲೇ ಆ ಬಿಗಿತ ಒಂದು ಟೆರಾ ಎಲೆಕ್ಟ್ರಾನ್‌ವೋಲ್ಟಿಗೆ ಏರ್ತದೆ, ಹೀಲಿಯಂ ಹಾಕಿದ ಷರತ್ತಿನ ಹತ್ತು ಲಕ್ಷ ಪಟ್ಟು. ಟೆರಾ ಎಲೆಕ್ಟ್ರಾನ್‌ವೋಲ್ಟ್ ಅಂದ್ರೆ ವಿಶ್ವಕ್ಕೆ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಪ್ರಾಯ ಆಗಿದ್ದ ಹೊತ್ತು. ಇಡೀ ಆಕಾಶದ ಹೀಲಿಯಂ ಅಳೆದು ಒಂದು ಸೆಕೆಂಡಿನವರೆಗೆ ಹೋಗ್ಲಿಕ್ಕಾಯ್ತು, ಒಂದು ರೂಮಿನೊಳಗೆ ದಾರಕ್ಕೆ ಕಟ್ಟಿದ ತಟ್ಟೆ ಅಷ್ಟು ಹಿಂದಕ್ಕೆ ಹೋಯ್ತು. ಇದನ್ನು ಮೊದಲ ಸಲ ಓದಿದಾಗ ನಾನು ಎದ್ದು ಒಂದು ಸುತ್ತು ವರಾಂಡದಲ್ಲಿ ನಡೆದು ಬಂದೆ. ಈಗಲೂ ಮಕ್ಕಳಿಗೆ ಹೇಳುವಾಗ ನನ್ನ ಸ್ವರ ಸ್ವಲ್ಪ ಏರ್ತದೆ ಅಂತ ಅವರು ಕುಶಾಲು ಮಾಡ್ತಾರೆ.

ಬಲ್ಕಿನಲ್ಲಿ ಒಂದು ಬ್ಲ್ಯಾಕ್ ಹೋಲ್ ಇದ್ರೆ ಅದರ ಎಳೆತ ನಮ್ಮ ಬ್ರೇನ್ ಮೇಲೆ ಕಾಣದ ವಿಕಿರಣದ ರೂಪದಲ್ಲಿ ಗೊತ್ತಾಗ್ತದೆ, ಅದಕ್ಕೆ ಡಾರ್ಕ್ ರೇಡಿಯೇಶನ್ ಅಂತ ಹೆಸರು. ನಾನು ಮಾವನಿಗೆ ಹೇಳಿದ ಬಲೀಂದ್ರನ ತೂಕ ಇದೇ. ಕಾಣದ ವಿಕಿರಣ ಎಷ್ಟುಂಟು ಅಂತ ನ್ಯೂಟ್ರಿನೋ ಅನ್ನುವ ಕಣದ ಜಾತಿಗಳ ಲೆಕ್ಕದಲ್ಲಿ ಹೇಳ್ತಾರೆ, ಪ್ಲಾಂಕ್ ಉಪಗ್ರಹದ ಅಳತೆಯಲ್ಲಿ ಆ ಲೆಕ್ಕ ನಮಗೆ ಗೊತ್ತಿರುವ ಮೂರರ ಹತ್ತಿರವೇ ನಿಂತದ್ದರಿಂದ ಅಂಥ ತೂಕಕ್ಕೆ ಹೆಚ್ಚು ಜಾಗ ಇಲ್ಲ.

ಮಲ್ಪೆಯ ಬಂಡೆಗಿಂತ ಹಳೆ ಅಲೆ

ಇಷ್ಟೊತ್ತು ಹತ್ತಿರದ ಸೋರಿಕೆ. ದೂರದ ಸೋರಿಕೆಗೂ ಒಂದು ಮಾಡೆಲ್ ಇತ್ತು. 2000ದಲ್ಲಿ ದ್ವಾಲಿ, ಗಬಾದಾಜೆ, ಪೊರಾಟಿ ಸೇರಿ, ಗುರುತ್ವ ಹತ್ತಿರದಲ್ಲಿ ಸರಿಯಾಗಿಯೇ ಉಂಟು, ಕೋಟಿಗಟ್ಟಲೆ ಜ್ಯೋತಿರ್ವರ್ಷ ದೂರ ಹೋದ ಮೇಲೆ ಬಲ್ಕಿಗೆ ಸೋರ್ತದೆ ಅಂದ್ರು. 1998ರಲ್ಲಿ ವಿಶ್ವದ ವಿಸ್ತರಣೆ ವೇಗ ಪಡೀತಾ ಉಂಟು ಅಂತ ಗೊತ್ತಾಗಿತ್ತಲ್ಲ, ಅದಕ್ಕೆ ಡಾರ್ಕ್ ಎನರ್ಜಿ ಅನ್ನುವ ಕಾಣದ ಶಕ್ತಿಯೇ ಬೇಡ, ಸೋರಿಕೆ ಸಾಕು ಅನ್ನುವ ಆಸೆ ಇದರಿಂದ ಹುಟ್ಟಿತು. ಚಂದದ ಆಸೆ. ಆದ್ರೆ ಲೆಕ್ಕದೊಳಗೇ ನೆಗೆಟಿವ್ ಶಕ್ತಿಯ ರೋಗ ಕಾಣಿಸಿಕೊಂಡಿತು, ಗೆಲಾಕ್ಸಿಗಳ ಗುಂಪು ಬೆಳೆದ ರೀತಿಗೂ ಹೊಂದಲಿಲ್ಲ.

ಆಮೇಲೆ 2017ರ ಆಗಸ್ಟ್ 17. ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಕ್ಕೊಂದು ಬಡಿದಾಗ ದೇಶಕಾಲದಲ್ಲೇ ಎದ್ದ ಗುರುತ್ವ ಅಲೆ, ಅಂಥ ಅಲೆ ಹಿಡಿಯುವ ಲೈಗೋ, ವರ್ಗೋ ಉಪಕರಣಗಳಲ್ಲಿ ಸಿಕ್ಕಿತು, 1.7 ಸೆಕೆಂಡ್ ಬಿಟ್ಟು ಗಾಮಾ ಕಿರಣವೂ ಬಂತು, ದುರ್ಬೀನಿನವರು ಹುಡುಕಿ ಗೆಲಾಕ್ಸಿಯನ್ನೂ ಪತ್ತೆ ಮಾಡಿದ್ರು, ಎನ್‌ಜಿಸಿ 4993, ಸುಮಾರು 13 ಕೋಟಿ ಜ್ಯೋತಿರ್ವರ್ಷ. ನೀವು ಮಲ್ಪೆಯಿಂದ ಬೋಟಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿರ್ತೀರಿ, ಅಲ್ಲಿ ಕಂಬ ಕಂಬವಾಗಿ ನಿಂತ ಕಪ್ಪು ಬಂಡೆ ನೋಡಿರ್ತೀರಿ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದ ಲಾವಾ ಅದು, ಪ್ರಾಯ ಸುಮಾರು 8.8 ಕೋಟಿ ವರ್ಷ. ಆ ಬಂಡೆ ಹುಟ್ಟುವಾಗ ಈ ಅಲೆ ಮತ್ತು ಈ ಬೆಳಕು ಹೊರಟು ನಾಲ್ಕು ಕೋಟಿ ವರ್ಷ ದಾಟಿತ್ತು. ಅಷ್ಟು ದಾರಿಯಲ್ಲಿ ಗುರುತ್ವ ಒಂದು ಚೂರು ಬಲ್ಕಿಗೆ ಸೋರಿದ್ರೂ ಅಲೆ ಇನ್ನಷ್ಟು ಕ್ಷೀಣವಾಗಿ ಬರ್ಬೇಕಿತ್ತು, ಅಲೆಯಿಂದ ಲೆಕ್ಕ ಹಾಕಿದ ದೂರ ಬೆಳಕಿನಿಂದ ಅಳೆದ ದೂರಕ್ಕಿಂತ ಜಾಸ್ತಿ ಕಾಣ್ಬೇಕಿತ್ತು. ಎರಡೂ ಹೊಂದಿಕೊಂಡಿತು. ಬಲ್ಕಿನೊಳಗೆ ಶಾರ್ಟ್‌ಕಟ್ ಹೊಡೆದು ಗುರುತ್ವ ಬೆಳಕಿಗಿಂತ ಎಷ್ಟೋ ಮೊದಲೇ ಬರಬಹುದು ಅಂತ ಕೆಲವರು 2001ರ ಹೊತ್ತಿಗೇ ಬರೆದಿದ್ರು, ಅದಕ್ಕೂ 13 ಕೋಟಿ ವರ್ಷದಲ್ಲಿ 1.7 ಸೆಕೆಂಡಿನ ಒಳಗೇ ಜಾಗ ಹುಡುಕಿಕೊಳ್ಳಿ ಅಂತ ಆಯ್ತು. ಈ ಒಂದು ಸಂಗತಿಯನ್ನು ಸೇಂಟ್ ಮೇರೀಸ್‌ನ ಬೋರ್ಡಿನಲ್ಲಿ ಬರೆದು ಹಾಕ್ಬೇಕು ಅಂತ ನನಗೆ ಆಸೆ, ಈಗ ಅಲ್ಲಿ ಸೆಲ್ಫಿ ತೆಗೆಯುವವರ ಕಾಟದಲ್ಲಿ ಬೋರ್ಡ್ ಓದುವವರು ಯಾರು ಬಿಡಿ.

ಢಿಕ್ಕಿ

ಕೊನೆಗೆ ಎಲ್ಲಕ್ಕಿಂತ ದೊಡ್ಡ ಹೇಳಿಕೆ. 2001ರಲ್ಲಿ ಖೂರಿ, ಓವ್ರಟ್, ಸ್ಟೈನ್‌ಹಾರ್ಟ್, ಟ್ಯುರೊಕ್ ನಾಲ್ವರು ಸೇರಿ ಬಿಗ್ ಬ್ಯಾಂಗ್ ಅಂದ್ರೆ ಎರಡು ಬ್ರೇನ್‌ಗಳ ಢಿಕ್ಕಿ ಅಂದ್ರು. ಸಮಾನಾಂತರವಾಗಿರುವ ಎರಡು ಖಾಲಿ ತಣ್ಣಗಿನ ಬ್ರೇನ್, ಒಂದನ್ನೊಂದು ಮೆಲ್ಲ ಎಳೀತಾ ಹತ್ತಿರ ಬಂದು ಬಡೀತದೆ, ಆ ಬಡಿತದ ಶಾಖದಲ್ಲಿ ನಮ್ಮ ಬ್ರೇನ್ ಮೇಲಿನ ಎಲ್ಲ ವಸ್ತುವೂ ಹುಟ್ಟಿತು. 2002ರಲ್ಲಿ ಸ್ಟೈನ್‌ಹಾರ್ಟ್ ಮತ್ತು ಟ್ಯುರೊಕ್ ಇದನ್ನು ಚಕ್ರ ಮಾಡಿದ್ರು, ಬಡಿದು ದೂರ ಹೋಗುದು, ಲಕ್ಷ ಕೋಟಿ ವರ್ಷದ ಅಂದಾಜಿನಲ್ಲಿ ಮತ್ತೆ ಬಂದು ಬಡಿಯುದು. ಇದರಲ್ಲಿ ಡಾರ್ಕ್ ಎನರ್ಜಿಗೂ ಒಂದು ಕೆಲಸ ಉಂಟು, ಹಳೆ ಸುತ್ತಿನ ಕಸವನ್ನೆಲ್ಲ ಹರಡಿ ತೆಳು ಮಾಡಿ ಮುಂದಿನ ಢಿಕ್ಕಿಗೆ ಬ್ರೇನನ್ನು ಕ್ಲೀನ್ ಮಾಡಿಡುದು. ಫಾರ್ವರ್ಡಿನವರಿಗೆ ಕಲ್ಪ, ಪ್ರಳಯ ಎಲ್ಲ ಸಿಗುದು ಇಲ್ಲಿಂದಲೇ.

ನನಗೆ ಈ ಮಾಡೆಲ್ ಮೇಲೆ ಗೌರವ ಬಂದದ್ದು ಚಕ್ರಕ್ಕಾಗಿ ಅಲ್ಲ, ಅವರು ತಮ್ಮ ಕತ್ತಿಗೆ ಹಗ್ಗ ತಾವೇ ಕೊಟ್ಟದ್ದಕ್ಕೆ. ಇದರ ಎದುರಾಳಿಯಾದ ಇನ್‌ಫ್ಲೇಶನ್ ಸಿದ್ಧಾಂತದ ಪ್ರಕಾರ ಆದಿಯಲ್ಲಿ ವಿಶ್ವ ರಪ್ಪಂತ ಹಿಗ್ಗಿತು, ಆಗ ಗುರುತ್ವ ಅಲೆಗಳು ಎದ್ದು, ಆದಿಯಿಂದ ಉಳಿದು ಆಕಾಶ ಇಡೀ ತುಂಬಿರುವ ಹಿನ್ನೆಲೆಯ ಮೈಕ್ರೋವೇವ್ ಬೆಳಕಿನಲ್ಲಿ ಒಂದು ತಿರುಚಿದ ಗುರುತು ಬಿಟ್ಟಿರ್ಬೇಕು. ಢಿಕ್ಕಿಯ ಮಾಡೆಲಿನಲ್ಲಿ ಎಲ್ಲ ನಿಧಾನ, ಆ ಅಲೆ ಅಳೆಯುವಷ್ಟು ಇರ್ಲಿಕ್ಕೇ ಇಲ್ಲ. ಸಿಕ್ಕಿದ್ರೆ ನಾವು ತಪ್ಪು ಅಂತ ಸ್ಟೈನ್‌ಹಾರ್ಟ್ ಕಡೆಯವರು ಮೊದಲೇ ಹೇಳಿದ್ರು. 2014ರ ಮಾರ್ಚ್ 17ಕ್ಕೆ ದಕ್ಷಿಣ ಧ್ರುವದ ಬೈಸೆಪ್2 ತಂಡ ಸಿಕ್ಕಿತು ಅಂತ ಘೋಷಣೆ ಮಾಡಿತು, ಪೇಪರಲ್ಲೆಲ್ಲ ಬಂತು. ಮರುವರ್ಷ ಪ್ಲಾಂಕ್ ಜೊತೆ ಸೇರಿ ನೋಡಿದಾಗ ಅದು ನಮ್ಮದೇ ಆಕಾಶಗಂಗೆಯ ಧೂಳು ಅಂತ ಆಯ್ತು. 2021ರ ಲೆಕ್ಕದಲ್ಲಿ ಆ ಅಲೆಯ ಪ್ರಮಾಣವನ್ನು ಹೇಳುವ ಆರ್ ಅನ್ನುವ ಸಂಖ್ಯೆ 0.036ಕ್ಕಿಂತ ಕಮ್ಮಿ. ಢಿಕ್ಕಿಯ ಮಾಡೆಲ್ ಬಚಾವ್, ಸದ್ಯಕ್ಕೆ.

ಹಾಗಂತ ಅದು ಗೆದ್ದಿತು ಅಂತ ನಾನು ಹೇಳುದಿಲ್ಲ. ಎರಡು ಬ್ರೇನ್ ಮುಟ್ಟುವ ಆ ಕ್ಷಣದಲ್ಲಿ ನಡುವಿನ ಆಯಾಮದ ಉದ್ದ ಸೊನ್ನೆ ಆಗ್ತದೆ, ಅಲ್ಲಿ ಲೆಕ್ಕ ಮುಂದೆ ಹೋಗುದಿಲ್ಲ, ಢಿಕ್ಕಿಗೆ ಮೊದಲಿನ ಏರುಪೇರು ಆಮೇಲೆ ಹೇಗೆ ಉಳಿಯಿತು ಅನ್ನುವುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಲ್ಲ. ಇನ್ನೊಂದು ವಿಷಯ, ಸ್ಟೈನ್‌ಹಾರ್ಟ್ ಅವರೇ ಈಚೆಗೆ ಅನ್ನಾ ಇಯಾಸ್ ಜೊತೆ ಬರೆದ ಚಕ್ರದ ಮಾಡೆಲಿನಲ್ಲಿ ಬ್ರೇನೇ ಇಲ್ಲ, ಹೆಚ್ಚಿನ ಆಯಾಮವೂ ಇಲ್ಲ, ಒಂದು ಕ್ಷೇತ್ರದಿಂದಲೇ ವಿಶ್ವ ಕುಗ್ಗಿ ಪುಟಿದು ಬರ್ತದೆ. ಬ್ರೇನ್ ಅಲ್ಲಿಗೆ ಏರ್ಲಿಕ್ಕೆ ಬೇಕಾದ ಏಣಿ ಮಾತ್ರ ಆಗಿತ್ತಾ ಅಂತ ನನಗೆ ಸಂಶಯ. ರಾಂಡಲ್-ಸುಂದ್ರಮ್ ಕಥೆ ಬೇರೆ, ಅದು ಸಾಯುದೂ ಇಲ್ಲ ಬದುಕುದೂ ಇಲ್ಲ, ಪ್ರತಿ ಹೊಸ ಅಳತೆಗೂ ಸ್ವಲ್ಪ ಹಿಂದೆ ಸರಿದು ಕೂರ್ತದೆ, 38 ಮೈಕ್ರೋಮೀಟರಲ್ಲಿ ಇಲ್ಲದಿದ್ರೆ 10ರಲ್ಲಿ, 10ರಲ್ಲಿ ಇಲ್ಲದಿದ್ರೆ ಒಂದರಲ್ಲಿ. ಇಂಥ ಮಾಡೆಲ್ ತಪ್ಪು ಅಂತ ಹೇಳ್ಲಿಕ್ಕಾಗುದಿಲ್ಲ, ಆದ್ರೆ ಎಷ್ಟು ಹಿಂದೆ ಸರಿದ ಮೇಲೆ ಅದರ ಮೇಲಿನ ಆಸೆ ಬಿಡ್ಬೇಕು ಅನ್ನುವುದಕ್ಕೆ ಯಾವ ಸೂತ್ರವೂ ಇಲ್ಲ. ನನ್ನ ಆಸೆ 2020ರ ಪೇಪರ್ ಓದುವಾಗಲೇ ಮುಕ್ಕಾಲು ಹೋಗಿತ್ತು.

ಢಿಕ್ಕಿಯ ಕಥೆಗೆ ಮಾತ್ರ ಇನ್ನೂ ಕಿವಿ ಕೊಟ್ಟು ಕೂತಿದ್ದೇನೆ. ಚಿಲಿಯ ಅಟಕಾಮಾದಲ್ಲಿ ಸೈಮನ್ಸ್ ಅಬ್ಸರ್ವೇಟರಿ ಆ ತಿರುಚಿದ ಗುರುತನ್ನು ಹುಡುಕ್ತಾ ಉಂಟು, ಜಪಾನಿನವರು ಲೈಟ್‌ಬರ್ಡ್ ಅನ್ನುವ ಉಪಗ್ರಹದ ತಯಾರಿಯಲ್ಲಿದ್ದಾರೆ. ಆರ್ 0.01 ಅಂತ ಖಚಿತವಾಗಿ ಬಂದ್ರೆ ಎರಡು ಬ್ರೇನಿನ ಢಿಕ್ಕಿಗೆ ಅಲ್ಲಿಗೇ ಮಂಗಳ ಹಾಡ್ಬಹುದು, ಹಾಗೆ ಅದರ ಯಜಮಾನರೇ ಬರೆದುಕೊಟ್ಟಿದ್ದಾರೆ. ಎಷ್ಟು ಹುಡುಕಿದ್ರೂ ಬಾರದಿದ್ರೆ ಇನ್‌ಫ್ಲೇಶನ್‌ನವರು ಸೋತೆವು ಅಂತ ಹೇಳ್ತಾರೆ ಅಂತ ಕಾಯ್ಬೇಡಿ, ಇನ್ನೂ ಸಣ್ಣ ಆರ್ ಕೊಡುವ ಮಾಡೆಲ್ ಅವರ ಹತ್ತಿರ ಬೇಕಾದಷ್ಟು ಸ್ಟಾಕ್ ಉಂಟು.